ದಾಟದ ಹೊಸ್ತಿಲು

ಮೊಮ್ಮಗಳು ಹೊರಗೆ ಬರಲಿಲ್ಲ.

ಬೇರೆ ವಾರಗಳಲ್ಲಾದರೆ ಅಜ್ಜ ಅಜ್ಜಿ ಬಂದು ಗೇಟಿನ ಸದ್ದಾಗುವುದೇ ತಡ, "ಅಜ್ಜಾ!" ಎಂದು ಕಿರುಚಿಕೊಂಡು ಬಂದು ಬೆನ್ನೇರುತ್ತಿದ್ದ ಹುಡುಗಿ. ಒಂದು ಕಡೆ ನಿಲ್ಲದ ಅವಳಿಗೆ ಗಿರಗಿಟ್ಲೆ ಎಂದು ಹೆಸರಿಟ್ಟವನೇ ಅಜ್ಜ. ಇವತ್ತು ಅವಳ ತಮ್ಮ ಗುಂಡ ಒಬ್ಬನೇ ಬೆರಳು ಚೀಪುತ್ತ ಬಾಗಿಲಲ್ಲಿ ನಿಂತಿದ್ದ. ಬಡಗಿ ಅಜ್ಜ ಎಂದಿನಂತೆ ಉಳಿ ಸುತ್ತಿಗೆಯ ಪೆಟ್ಟಿಗೆಯನ್ನು ಹೊರಗಿನ ಮೆಟ್ಟಿಲ ಮೇಲಿಟ್ಟು ಪಕ್ಕದಲ್ಲೇ ಕೂತ. ಅಜ್ಜಿ ಒಳಗೆ ಹೋದಳು. ಹೋದಷ್ಟೇ ಬೇಗ ಹೊರಗೆ ಬಂದಳು.

"ರೀ, ಮಗು ಮೆಟ್ಟಿಲಿಂದ ಬಿದ್ದು ಕಾಲು ಮುರ್ಕೊಂಡಿದೆ. ಮಂಡಿವರೆಗೂ ಪ್ಲಾಸ್ಟರ್. ನಿಮ್ಮ ಮಗ ನಮಗೊಂದು ಮಾತು ಹೇಳಿಲ್ಲ ನೋಡಿ."

ಅಜ್ಜ ಧಡಕ್ಕನೆ ಎದ್ದು ಬಾಗಿಲವರೆಗೆ ಬಂದ. ಹೊಸ್ತಿಲ ಮುಂದೆ ಕಾಲು ಅಲ್ಲೇ ನಿಂತಿತು. ಹೋದ ವರ್ಷ ಇದೇ ಜಾಗದಲ್ಲಿ ಜಗಳವಾಗಿತ್ತು. ಅಜ್ಜನ ಉಳಿ ತೆಗೆದು ಆಡುತ್ತಿದ್ದ ಗಿರಗಿಟ್ಲೆ ಬೆರಳು ಕೊಯ್ದುಕೊಂಡಿದ್ದಳು. "ಈ ಪೆಟ್ಟಿಗೆ ಇನ್ನೊಂದು ಸಲ ನನ್ನ ಮನೆಯೊಳಗೆ ಬರಕೂಡದು," ಎಂದಿದ್ದ ಮಗ. "ಪೆಟ್ಟಿಗೆ ಬರದ ಮನೆಗೆ ನಾನೂ ಬರಲ್ಲ. ಈ ಹೊಸ್ತಿಲು ದಾಟಿದ್ರೆ ನಾನು ಬಡಗಿಯೇ ಅಲ್ಲ ಅಂದ್ಕೋ," ಎಂದಿದ್ದ ಅಪ್ಪ. ಅಪ್ಪ ಹಿಡಿದ ಮೊಲಕ್ಕೆ ಮೂರೇ ಕಾಲಾದರೆ ಮಗನ ಮೊಲಕ್ಕೆ ಎರಡೇ. ಅಂದಿನಿಂದ ಅಜ್ಜಿ ಒಳಗೆ, ಅಜ್ಜ ಹೊರಗೆ, ಮಕ್ಕಳು ಮಾತ್ರ ಎರಡೂ ಕಡೆ. ಮೆಟ್ಟಿಲ ಮೇಲೆ ಕೂತೇ ಅಜ್ಜ ಅವರಿಗೆ ಮರದ ಕುದುರೆ, ಮರದ ಗಾಡಿ ಕೆತ್ತಿ ಕೊಡುತ್ತಿದ್ದ. ಮಗ ಬಂದರೆ ಇಬ್ಬರೂ ಒಬ್ಬರಿಗೊಬ್ಬರು ಗೋಡೆ.

"ಅಜ್ಜಾ, ಬಾ!" ಒಳಗಿನ ಕೋಣೆಯಿಂದ ಕೂಗು ಬಂತು.

"ನೀನೇ ಬಾರೇ!"

"ಹೆಂಗೆ ಬರ್ಲಿ? ಕಾಲಿಗೆ ಸಿಮೆಂಟ್ ಹಾಕಿದಾರೆ! ನೀನು ಬರೋವರೆಗೂ ನಾನು ಮಾತ್ರೆ ನುಂಗಲ್ಲ!"

"ಬೆಳಗ್ಗೆಯಿಂದ ಇದೇ ರಾಗವಂತೆ," ಎಂದು ಅಜ್ಜಿ ಸೊಂಟಕ್ಕೆ ಕೈಯಿಟ್ಟಳು. "ಸೊಸೆಗೆ ಸಾಕುಸಾಕಾಗಿದೆ. ಹೋಗ್ರೀ ಒಳಗೆ, ನಿಮ್ಮ ಆಣೆಗಿಷ್ಟು ಬೆಂಕಿ ಹಾಕ!"

"ಆಡಿದ ಮಾತು ಹೋದ ಮೇಲೆ ಮನುಷ್ಯನ ಹತ್ರ ಇನ್ನೇನೇ ಇರುತ್ತೆ?"

"ಮೊಮ್ಮಕ್ಕಳಿರ್ತವೆ!"

ಅಜ್ಜ ಕೆಳಗೆ ನೋಡಿದ. ಈ ಬಾಗಿಲಿನ ಚೌಕಟ್ಟು ಅವನ ಕೈಯದೇ. ಈ ಹೊಸ್ತಿಲಿಗೆಂದು ಮರ ಆರಿಸಿ, ಒಣಗಿಸಿ, ಉಜ್ಜಿ ಕೂರಿಸಿದ್ದ. ಒಂದು ಸಲ ಬಗ್ಗಿ ಅದರ ಮೈ ಸವರಿದ. ಆಮೇಲೆ ಪೆಟ್ಟಿಗೆ ತೆಗೆದು ಗರಗಸ ಹಿಡಿದು ಕೂತ.

"ಅಯ್ಯೋ, ಹುಚ್ಚು ಹಿಡೀತಾ ನಿಮಗೆ!" ಎಂದಳು ಅಜ್ಜಿ. ಹೇಳಿದವಳು ಗುಂಡನನ್ನು ಎತ್ತಿ ಪಕ್ಕಕ್ಕೆ ಸರಿದು ಗಂಡನಿಗೆ ಜಾಗವನ್ನೂ ಮಾಡಿಕೊಟ್ಟಳು.

ಸದ್ದಿಗೆ ಸೊಸೆ ಒದ್ದೆ ಕೈಯಲ್ಲೇ ಓಡಿ ಬಂದಳು. "ಮಾವಾ! ಏನ್ಮಾಡ್ತಿದೀರಾ? ಇವರು ಬಂದ್ರೆ ನಾನೇನು ಹೇಳ್ಲಿ?"

"ಗೆದ್ದಲು ಬಂದಿತ್ತು ಅನ್ನು. ಮುದಿ ಗೆದ್ದಲು."

ಹೊಸ್ತಿಲನ್ನು ಎರಡೂ ತುದಿಯಲ್ಲಿ ಚೌಕಟ್ಟಿನ ಪಕ್ಕಕ್ಕೇ ಕೊಯ್ದ. ಅದರ ಕೆಳಗೆ ಸಲಾಕೆ ಕೊಟ್ಟು ಮೀಟಿದ. ಹೊಸ್ತಿಲು ನರಳುತ್ತ ಮೇಲೆದ್ದಿತು. ಅದನ್ನು ಗೋಡೆಗೆ ಒರಗಿಸಿ, ಗರಗಸ ಸಲಾಕೆ ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಮೆಟ್ಟಿಲ ಮೇಲೇ ಬಿಟ್ಟು, ಮೈಮೇಲಿನ ಹೊಟ್ಟು ಕೊಡವಿಕೊಂಡು ಅಜ್ಜ ಒಳಗೆ ನಡೆದ. ಮದುವೆ ಗಂಡಿನ ಹಾಗೆ ನಡೆದ. ಅವನ ಹಿಂದೆಯೇ ಗುಂಡ ಮರದ ಗಾಡಿ ಎಳೆದುಕೊಂಡು ಬಂದ. ಇಷ್ಟು ದಿನ ಹೊಸ್ತಿಲಿಗೆ ತಾಗಿ ಮಗುಚುತ್ತಿದ್ದ ಗಾಡಿ ಗಡಗಡನೆ ಒಳಗೆ ಬಂತು. ಅವನಿಗೆ ಅದೇ ಆಟವಾಯಿತು, ಒಳಗೆ ಹೊರಗೆ, ಒಳಗೆ ಹೊರಗೆ.

ಗಿರಗಿಟ್ಲೆ ಅಜ್ಜನ ಕೈಯಿಂದ ಮಾತ್ರೆ ನುಂಗಿ, ಕಹಿಗೆ ಮುಖ ಕಿವುಚಿ, ಅವನ ತೊಡೆಯ ಮೇಲೆ ಪ್ಲಾಸ್ಟರಿನ ಕಾಲು ಹಾಕಿದಳು. ಅಜ್ಜ ಪೆನ್ಸಿಲಿನಿಂದ ಅದರ ಮೇಲೆ ಕುದುರೆ ಬರೆಯುತ್ತ ಕೂತ.

ಸಂಜೆ ಕೆಲಸದಿಂದ ಬಂದ ಮಗ ಬಾಗಿಲಲ್ಲೇ ನಿಂತುಬಿಟ್ಟ. ಗೋಡೆಗೊರಗಿದ ಹೊಸ್ತಿಲು ನೋಡಿದ, ನೆಲದ ಮೇಲಿನ ಹೊಟ್ಟು ನೋಡಿದ, ಕೋಣೆಯ ಮಂಚದ ಮೇಲಿದ್ದ ಅಪ್ಪನನ್ನು ನೋಡಿದ.

"ಏನಪ್ಪಾ ಇದು?" ಒಂದು ವರ್ಷದಲ್ಲಿ ಅವನು ಅಪ್ಪನ ಜೊತೆ ಆಡಿದ ಮೊದಲ ಮಾತು.

"ಕಣ್ಣು ಕಾಣಲ್ವಾ? ಹೊಸ್ತಿಲು. ಕೂರಿಸಿದ್ದು ನಾನು, ಕಿತ್ತಿದ್ದು ನಾನು. ದಾಟಿಲ್ಲ. ಬೇಕಿದ್ರೆ ನಿನ್ನ ಮಗಳನ್ನ ಕೇಳು."

"ಹೂಂ ಅಪ್ಪಾ, ದಾಟಿಲ್ಲ," ಎಂದಳು ಗಿರಗಿಟ್ಲೆ. "ಅದು ಇರ್ಲೇ ಇಲ್ವಲ್ಲ!"

"ಬಾಗಿಲಡಿ ಇಷ್ಟು ಸಂದು ಬಿಟ್ಟಿದೀಯಲ್ಲ, ಹುಳಹುಪ್ಪಟೆ ಬಂದ್ರೆ?" ಎಂದ ಮಗ.

"ಹೋಗುವಾಗ ಬೆಣೆ ಹೊಡೆದು ಕೂರಿಸಿಯೇ ಹೋಗ್ತೀನಿ. ನಿನ್ನ ಹೊಸ್ತಿಲು ನಿನಗೆ, ನನ್ನ ಮಾತು ನನಗೆ. ಪೆಟ್ಟಿಗೆ ಹೊರಗಡೆನೇ ಇದೆ, ನಿನ್ನ ಮನೆಯೊಳಗೆ ತಂದಿಲ್ಲ."

ಮಗನ ಮುಖ ಕೆಂಪಗಾಯಿತು. ಸರ್ರನೆ ತಿರುಗಿ ಹೊರಗೆ ಹೋದ. "ಎಸೆದೇಬಿಡ್ತಾನೆ ಕಣ್ರೀ," ಎಂದು ಅಜ್ಜಿ ಎದ್ದುನಿಂತಳು. ಅಜ್ಜ ಅಲುಗಲಿಲ್ಲ, ಅವನ ಕೈಯಲ್ಲಿದ್ದ ಪೆನ್ಸಿಲ್ ಮಾತ್ರ ಕುದುರೆಯ ಬಾಲದ ಹತ್ತಿರ ನಿಂತಿತು.

ಮಗ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಬಂದ. ಸ್ಟೂಲು ಎಳೆದು ಹತ್ತಿದ. ಅಪ್ಪನ ಕೈಗೆ ಎಟುಕದ ಹಾಗೆ ಅದನ್ನು ಅಟ್ಟದ ಮೂಲೆಗೆ ತಳ್ಳಿ, ಕೆಳಗಿಳಿದು, ಕೈ ಝಾಡಿಸಿಕೊಂಡ.

"ಈಗ ಹೊಸ್ತಿಲು ಕೂರಿಸು ನೋಡೋಣ."