ಗುಲಾಬಿ ಬಳಗದಲ್ಲಿ ರಾಜಕೀಯ

ದರ್ಜಿಯ ಸಂದೇಶವನ್ನು ಅಳಿಸಿಹಾಕಲು ಟೀಚರು ಫೋನಿನ ಮೇಲೆ ಬೆರಳಿಟ್ಟಿದ್ದರು. "ನಮ್ಮ ಮನೆ ಕೆಡವ್ತಿದಾರೆ. ಈ ಸರ್ಕಾರಕ್ಕೆ ಕಣ್ಣಿಲ್ವಾ?" ಎಂದು ಅವನು, ಟೀಚರು ನಡೆಸುತ್ತಿದ್ದ ಗುಲಾಬಿ ಬೆಳೆಸುವವರ ವಾಟ್ಸಾಪ್ ಗ್ರೂಪಿನಲ್ಲಿ ಬರೆದಿದ್ದ. "ಶುರುವಾಯ್ತು ರಾಜಕೀಯ! ಇಲ್ಲಿ ಗಿಡದ ಮಾತು ಬಿಟ್ಟು ಬೇರೆ ಬೇಡ ಅಂದವರು ನೀವೇ ಟೀಚರೇ, ತೆಗೀರಿ ಅದನ್ನ," ಎಂದು ಬ್ಯಾಂಕ್ ಮ್ಯಾನೇಜರು ಆಗಲೇ ಕಿಡಿಕಾರಿದ್ದರು. ಅಷ್ಟರಲ್ಲಿ ದರ್ಜಿ ಕಳಿಸಿದ ಫೋಟೋ ತೆರೆದುಕೊಂಡಿತು.

ಗೋಡೆ ಅರ್ಧ ಉರುಳಿತ್ತು. ಹೊಲಿಗೆ ಯಂತ್ರ ಬೀದಿಗೆ ಬಿದ್ದಿತ್ತು. ದರ್ಜಿ ಕೂಸನ್ನು ಎತ್ತಿಕೊಂಡವನಂತೆ ಗುಲಾಬಿಯ ಕುಂಡವೊಂದನ್ನು ಎದೆಗವಚಿ ನಿಂತಿದ್ದ. ಬುಲ್ಡೋಜರಿನ ಪಕ್ಕದಲ್ಲಿ ಕಡತ ಹಿಡಿದು, ಮುಂದಿನ ಗೋಡೆಯತ್ತ ಬೆರಳು ತೋರಿಸುತ್ತಿದ್ದವರನ್ನು ಟೀಚರು ದೊಡ್ಡದು ಮಾಡಿ ನೋಡಿದರು. ಬೆಳಿಗ್ಗೆ ತಾವೇ ಇಸ್ತ್ರಿ ಮಾಡಿಕೊಟ್ಟ ನೀಲಿ ಅಂಗಿ. ತಮ್ಮದೇ ಯಜಮಾನರು.

ಗಂಡನಿಗೆ ಫೋನ್ ಹಚ್ಚಿದರು. "ರೀ, ಜಾಗದ ಅಳತೆ ಮಾಡೋಕೆ ಹೋಗ್ತೀನಿ ಅಂದಿದ್ರಲ್ಲಾ?"

"ಮೇಲಿನವರ ಆರ್ಡರು ಕಣೇ. ನಿನಗ್ಯಾಕೆ ಅದೆಲ್ಲಾ?"

"ನಿಮ್ಮೆದುರು ಕುಂಡ ಹಿಡ್ಕೊಂಡು ನಿಂತಿದಾನಲ್ಲ, ಅವನು ನಮ್ಮ ಗ್ರೂಪಿನವನು ರೀ."

ಆ ಕಡೆ ಯಂತ್ರ ಗರ್ಜಿಸುತ್ತಲೇ ಇತ್ತು. ಟೀಚರು ಕರೆ ಕಡಿದು, ದರ್ಜಿಯ ಮಾತಿನ ಕೆಳಗೆ ಎಲ್ಲರೂ ಓದುವಂತೆ ಬರೆದರು: "ಅಲ್ಲೇ ಇರಪ್ಪ, ಬರ್ತಿದೀನಿ. ಮನೆ ಕೆಡವ್ತಿರೋರು ನನ್ನ ಗಂಡ."