ನೀಲವ್ವನ ಎದೆಯೊಳಗಿನ ಜಗಳ

ಅಂಗಾಂಗಗಳಿಗೆಲ್ಲ ಮಾತು ಬಂದ ಮೇಲೆ, ಹುಬ್ಬಳ್ಳಿಯ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ನೀಲವ್ವನಿಗೆ ನೆಮ್ಮದಿಯೇ ಇರಲಿಲ್ಲ. ಎರಡು ರೊಟ್ಟಿಗೇ ಏದುಸಿರು. ಡಾಕ್ಟರ ಮುಂದೆ ಕೂತರೂ ಎದೆಯೊಳಗಿನ ಜಗಳ ನಿಲ್ಲದು.

“ನೀ ತಾಳ ತಪ್ಪಿ ನಡುಗಿ ಉಬ್ಬಿದ್ದಕ್ಕ ನನ್ನ ಬಾಗಲಾ ಕೂಡವಲ್ದು,” ಎಂದಿತು ಹೃದಯದ ಕವಾಟ.

“ನೀ ಸೋರಿ ಸೋರಿ ರಕ್ತ ನನ್ನ ಮ್ಯಾಲೇ ಹೇರಿದ್ದಕ್ಕ ನಾ ಉಬ್ಬೇನಿ,” ಎಂದಿತು ಹೃದಯದ ಮೇಲಿನ ಕೋಣೆ.

ತಪ್ಪೊಪ್ಪಿದ ಅಂಗಕ್ಕೇ ಚಿಕಿತ್ಸೆ ಎಂಬುದು ಆ ದವಾಖಾನೆಯ ಪದ್ಧತಿ. “ಇವತ್ತೂ ಯಾವುದೂ ಒಪ್ಪಲಿಲ್ಲಲ್ಲವ್ವಾ, ಮುಂದಿನ ವಾರ ಬಾ,” ಎಂದರು ಡಾಕ್ಟರು.

ನೀಲವ್ವ ಕುರ್ಚಿ ಬಿಟ್ಟೇಳಲಿಲ್ಲ. “ಇವು ಸಾಯೂತನಕ ಒಪ್ಪೂದಿಲ್ರೀ. ತಪ್ಪು ಯಾರದರ ಇರಲಿ, ಉಸಿರು ಹೋಗೂದು ನಂದು. ಎರಡಕ್ಕೂ ಮಾಡ್ರಿ.”

ಡಾಕ್ಟರು ನಿಟ್ಟುಸಿರಿಟ್ಟು ಸೂಜಿ ತೆಗೆದರು. ಎದೆಯೊಳಗಿನ ಎರಡೂ ದನಿಗಳು ಮೊದಲ ಸಲ ಒಂದೇ ಮಾತಾಡಿದವು:

“ಮೊದಲ ಅದಕ್ಕ ಮಾಡ್ರಿ.”