ಕೆಂಪಾದ ರಂಗೋಲಿ

ಶಾಲೆಯ ಗೇಟಿನ ಮುಂದಿನ ರಂಗೋಲಿ ಕೆಂಪಾಗಿತ್ತು. ಎರಡು ತಿಂಗಳ ಮೇಲೆ ಬಾಗಿಲು ತೆರೆದ ಮೊದಲ ದಿನವೇ!

ಆರೋಗ್ಯ ಕೇಂದ್ರದವರು ಕೊಡುವ ರಂಗೋಲಿ ಪುಡಿ ಸುಳ್ಳು ಹೇಳುವುದಿಲ್ಲ. ಗಾಳಿಯಲ್ಲಿ ವೈರಸ್ ಇಲ್ಲದಿದ್ದರೆ ಬಿಳಿಯಾಗಿಯೇ ಇರುತ್ತದೆ. ಗುಲಾಬಿಯಾದರೆ ಮಕ್ಕಳಿಗೆ ಮಾಸ್ಕ್ ಹಾಕಿಸಿ ಹೊಂಗೆ ಮರದ ಕೆಳಗೆ ಪಾಠ. ಕೆಂಪಾದರೆ ಮತ್ತೆ ಹದಿನೈದು ದಿನ ರಜೆ. ನಮ್ಮ ಕೊಳ್ಳೇಗಾಲದಲ್ಲಿ ಹಾಲಿನವನು ಕೂಡ ಮನೆ ಮುಂದಿನ ರಂಗೋಲಿ ನೋಡಿಯೇ ಒಳಗೆ ಕಾಲಿಡುತ್ತಾನೆ.

ಹೆಡ್ ಮಿಸ್ ಆದ ನಾನು ರಜೆಯ ಗಂಟೆ ಹೊಡೆಯಲು ಕೈ ಎತ್ತಿದೆ. ಮಕ್ಕಳ ಮುಖ ಸಣ್ಣಗಾಯಿತು. ಆಗ ಕಂಡಿತು, ಎಲ್ಲರ ಹಣೆಯಲ್ಲೂ ಕೆಂಪು ಬೊಟ್ಟು.

"ಈ ಬೊಟ್ಟು ಯಾರು ಇಟ್ಟಿದ್ದು?"

"ನಾನೇಯ ಮಿಸ್," ಎಂದರು ಆಯಾ ನಿಂಗಾಜಮ್ಮ. ದಿನವೂ ರಂಗೋಲಿ ಹಾಕುವವರು ಅವರೇ. "ಎಷ್ಟ್ ದಿನ ಆದ್ಮೇಲೆ ಬಂದವೆ ಮಕ್ಳು! ಅರಿಸಿನ ಸುಣ್ಣ ಕಲ್ಸಿ, ಆರತಿ ಎತ್ತಿ ದೃಷ್ಟಿ ತಗ್ದೆ."

"ಆ ನೀರು ಎಲ್ಲಿ ಚೆಲ್ಲಿದ್ರಿ?"

"ಇನ್ನೆಲ್ ಚೆಲ್ತಾರೆ? ಬಾಗ್ಲ ಮುಂದೆ..." ಎನ್ನುತ್ತ ರಂಗೋಲಿ ನೋಡಿದವರು ನಾಲಿಗೆ ಕಚ್ಚಿಕೊಂಡರು.

ನೆಲ ತೊಳೆದು, ಒರೆಸಿ, ಹೊಸದಾಗಿ ರಂಗೋಲಿ ಹಾಕಿದರು. ಬಣ್ಣ ತಿರುಗುತ್ತದೋ ಎಂದು ಮಕ್ಕಳು ಸುತ್ತ ನಿಂತು ನೂರರವರೆಗೆ ಎಣಿಸಿದರು. ಬಿಳಿ ಬಿಳಿಯಾಗಿಯೇ ಇತ್ತು. ಹೋ ಎಂದು ಕೂಗುತ್ತ ಎಲ್ಲರೂ ಒಳಗೆ ಓಡಿದರು.

"ಇನ್ಮೇಲೆ ಆರತಿ ನೀರು ಗಿಡದ ಬುಡಕ್ಕೆ," ಎಂದು ಗದರಿದೆ.

"ಆಯ್ತು ಮಿಸ್. ಇನ್ನೊಂದ್ ಒಸಿ ಕಲಸ್ತೀನಿ, ನಿಮ್ಗೂ ತೆಗೀಲಾ?"

ಅತ್ತಿತ್ತ ನೋಡಿದೆ. ಯಾರೂ ಇರಲಿಲ್ಲ. ಚಪ್ಪಲಿ ಬಿಟ್ಟು, ಪೂರ್ವಕ್ಕೆ ಮುಖ ಮಾಡಿ ನಿಂತೆ.